ಮಾವನವರ ನಾಲ್ಕನೇ ಜ್ವರ

ಶನಿವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ನನ್ನ ಮಾವನವರಿಗೆ ಜ್ವರ ಬರಿಸಿದೆ.

ಸಮಯದ ಬಗ್ಗೆ ಅನುಮಾನ ಬೇಡ. ನನ್ನದು ಇನ್ಸ್‌ಪೆಕ್ಟರನ ಪಾತ್ರ. ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದುಕೊಳ್ಳುವ ಅಭಿನಯವಿತ್ತು, ಮತ್ತು ನಾನು ಅಭಿನಯದಲ್ಲೂ ಸುಳ್ಳು ಬರೆಯುವವನಲ್ಲ. ಮಾಂಬಳ್ಳಿಯ ಚಪ್ಪರದಲ್ಲಿ, ಊರಿನ ಅರ್ಧ ಜನರ ಎದುರು, ಮಾವನವರ ಹಣೆಯ ಮೇಲೆ ಕೈಯಿಟ್ಟು "ನಾಲ್ಕನೇ ಜ್ವರ" ಎಂದು ಗಂಭೀರವಾಗಿ ಘೋಷಿಸಿದೆ. ಹಣೆ ಸುಡುತ್ತಿತ್ತು. ಪೆಟ್ರೋಮ್ಯಾಕ್ಸ್ ದೀಪದ ಕಾವು ಎಂದುಕೊಂಡೆ.

ಆ ಕೈಯನ್ನು ನಾನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿಕೊಂಡಿದ್ದೇನೆಂದರೆ, ನನ್ನ ಹೆಂಡತಿ ರತ್ನ ಅಲ್ಲಿ ಕಜ್ಜಿಯೇನಾದರೂ ಎದ್ದಿದೆಯೇ ಎಂದು ವಿಚಾರಿಸಿದ್ದಾಳೆ.

ಇಷ್ಟಕ್ಕೂ ಕಾರಣ ಟೆಲಿವಿಷನ್. ನಾನು ಅದನ್ನು ನೋಡಿದ್ದೆ ಎಂದು ತಿಳಿಯಬೇಡಿ. ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಕೊಳ್ಳೇಗಾಲದಲ್ಲಿ ಟೆಲಿವಿಷನ್ ಎಂದರೆ ಪತ್ರಿಕೆಯಲ್ಲಿ ಬರುವ ಒಂದು ಪದ. ಕಣ್ಣಿಂದ ನೋಡದೆಯೇ ಅದರ ಪ್ರಭಾವಕ್ಕೆ ಸಿಕ್ಕಿ ಹಾಳಾದ ಈ ತಾಲ್ಲೂಕಿನ ಮೊದಲ ಮನುಷ್ಯ ನಾನು. ಇದಕ್ಕೆ ಸನ್ಮಾನವೇನೂ ಆಗಲಿಲ್ಲ.

ಮೈಸೂರಿನಲ್ಲಿ ನನ್ನ ಜೊತೆ ಬಿ.ಎ. ಓದಿದ ಶ್ರೀಕಂಠ ಎರಡು ವರ್ಷ ಲಂಡನ್ನಿನಲ್ಲಿದ್ದು ಬಂದಿದ್ದ. ತಂಗಿಯ ಮದುವೆಗೆ ರೇಷ್ಮೆ ಸೀರೆ ಕೊಳ್ಳಲು ಕೊಳ್ಳೇಗಾಲಕ್ಕೆ ಬಂದವನು ಹೋಟೆಲಿನಲ್ಲಿ ಎರಡು ಲೋಟ ಕಾಫಿ ತಣ್ಣಗಾಗುವವರೆಗೆ ಅಲ್ಲಿನ ಒಂದು ಹಾಸ್ಯ ಕಾರ್ಯಕ್ರಮದ ಬಗ್ಗೆಯೇ ಹೇಳಿದ.

"ಐದಾರು ಜನ ಕಣೋ. ಎಲ್ಲ ಓದಿದವರು, ಕೋಟು ಟೈ ಹಾಕಿರೋರು. ಮುಖದಲ್ಲಿ ನಗು ಅನ್ನೋದೇ ಇಲ್ಲ. ಮಾಡೋದೆಲ್ಲ ಹುಚ್ಚಾಟ."

"ಕಥೆ ಏನು?"

"ಕಥೆ ಗಿಥೆ ಇಲ್ಲ. ಐದೈದು ನಿಮಿಷದ ತುಣುಕುಗಳು. ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹೋಗ್ತಾರೆ."

"ಮುಗಿಸದೆ?"

"ಮುಗಿಸದೆ. ಅದೇ ತಮಾಷೆ. ಮುಗಿಸೋದು ಹಳೇ ಕಾಲದವರ ಚಾಳಿ."

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು. ಹಳೇ ಕಾಲದವನು ಎನ್ನಿಸಿಕೊಳ್ಳುವುದಕ್ಕಿಂತ ಹಾವು ಕಚ್ಚಿಸಿಕೊಳ್ಳುವುದು ವಾಸಿ ಎಂದು ನಂಬಿದ್ದ ವಯಸ್ಸು. ಆ ವಾರವೇ ಕೂತು ಐದು ತುಣುಕು ಬರೆದೆ. ಒಂದಕ್ಕೂ ಕೊನೆ ಇರಲಿಲ್ಲ. ಬರೆಯುವುದು ಇಷ್ಟು ಸುಲಭವೆಂದು ನನಗೆ ಯಾರೂ ಹೇಳಿರಲೇ ಇಲ್ಲ.

ಆಡಲು ಜಾಗ ಸಿಕ್ಕಿದ್ದು ಮಾವನವರ ಮುಖ ನೋಡಿ. ನನ್ನ ಮಾವ ಮಾದಪ್ಪನವರು ಮಾಂಬಳ್ಳಿಯ ರೈತರು. ಹಗಲು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಮಿಕ್ಕ ಹೊತ್ತು ನಾಟಕ. ಮೂವತ್ತು ವರ್ಷ ರಾಜನ ಪಾರ್ಟು ಮಾಡಿದವರು. ಅವರು ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಪಕ್ಕದೂರಿನ ನಾಯಿಗಳೂ ಸುಮ್ಮನಾಗುತ್ತವೆ ಎಂದು ಜನ ಹೇಳುತ್ತಿದ್ದರು. ಅಂಥವರಿಗೆ ನಾನು ಕೊಟ್ಟ ಪಾರ್ಟು, ರೇಷ್ಮೆ ಹುಳುವಿನದು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅಳೀಂದ್ರು ಬರ್ದವರೆ. ಹುಳುವಾರ ಆಗ್ಲಿ, ಉಪ್ಪಿನ್ಕಾಯಾರ ಆಗ್ಲಿ" ಎಂದರಂತೆ.

ಹನೂರಿನ ಪೇಟಿ ನಂಜಯ್ಯನವರಿಗೂ ಸುದ್ದಿ ಹೋಗಿತ್ತು. ಮೂರು ತಾಲ್ಲೂಕಿನ ನಾಟಕಗಳಿಗೆ ಅವರೇ ಹಾರ್ಮೋನಿಯಂ, ಅವರೇ ಗುರು. ಕರೆಯದಿದ್ದರೂ ಪೇಟಿ ಹೊತ್ತು ಬಂದರು. ನಾನು ನಯವಾಗಿ, ಅಂದರೆ ಇಂಗ್ಲಿಷ್ ಬೆರೆಸಿ, ಇದರಲ್ಲಿ ಹಾಡುಗಳಿಲ್ಲವೆಂದೆ.

"ಕೊನೇಗ ಮಂಗಳಕ್ಕಾದ್ರೂ ಬೇಕಲ್ಲ ಮೇಷ್ಟ್ರೆ?"

"ಮಂಗಳವೂ ಇಲ್ಲ. ಇದು ಹೊಸ ಬಗೆ."

ಅವರು ಪೇಟಿಯ ಮುಚ್ಚಳ ಹಾಕಿಕೊಂಡು, ಕೊಟ್ಟ ಕಾಫಿ ಮುಟ್ಟದೆ, ಮುಂದಿನ ಬಸ್ಸಿಗೆ ಹೊರಟುಹೋದರು. ಒಂದು ಅಡ್ಡಿ ಕಳೆಯಿತು ಎಂದು ನಾನು ಉಸಿರುಬಿಟ್ಟೆ.

ಈ ನಾಲ್ಕನೇ ಜ್ವರವೆಂದರೇನೆಂದು ರೇಷ್ಮೆ ಸೀಮೆಯ ಹೊರಗಿನವರಿಗೆ ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಮಲಗುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಆಗ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ನಾಲ್ಕನೆಯದು ಮುಗಿಸಿ ಎದ್ದ ಹುಳು ಚೆನ್ನಾಗಿ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ.

ನನ್ನ ಐದನೆಯ ತುಣುಕಿನಲ್ಲಿ ರೈತನೊಬ್ಬ ಕಂಬಳಿ ಹೊದ್ದು ಮಲಗಿದ್ದಾನೆ. ಟೈ ಕಟ್ಟಿದ ರೇಷ್ಮೆ ಇನ್ಸ್‌ಪೆಕ್ಟರು ಬಂದು ಅವನನ್ನೇ ಹುಳುವೆಂದು ತಿಳಿದು ತಪಾಸಣೆ ಮಾಡುತ್ತಾನೆ. ರೈತ "ನಾನು ಮನುಷ್ಯ ಸಾ" ಎನ್ನುತ್ತಾನೆ. ಇನ್ಸ್‌ಪೆಕ್ಟರು "ಹುಳುಗಳು ಮಾತಾಡಕೂಡದು" ಎನ್ನುತ್ತಾನೆ. ಹಣೆ ಮುಟ್ಟಿ, "ನಾಲ್ಕನೇ ಜ್ವರ. ಯಾರೂ ಮುಟ್ಟಕೂಡದು. ಆಹಾರ ಕೊಡಕೂಡದು" ಎಂದು ಬರೆದುಕೊಂಡು ಹೊರಟುಹೋಗುತ್ತಾನೆ. ಅಷ್ಟೇ. ಪರದೆ.

ಒಬ್ಬರೂ ನಗಲಿಲ್ಲ. ಒಬ್ಬರೂ ಎದ್ದೂ ಹೋಗಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ, ಜನ ಪರದೆ ನೋಡುತ್ತ ಕೂತೇ ಇದ್ದರು. ಹೊಸತನಕ್ಕೆ ಬೆಚ್ಚಿ ಮೂಕರಾಗಿದ್ದಾರೆ ಎಂದು ನನಗೆ ಮೈ ಜುಮ್ಮೆಂದಿತು. ಕೊನೆಗೆ ಮುಂದೆ ಕೂತಿದ್ದ ಒಬ್ಬ ಹಿರಿಯರು ಪರದೆ ಸರಿಸಿ ತಲೆ ಹಾಕಿದರು.

"ಸಾ, ಜ್ವರಕ್ಕ ಕೂತ ಹುಳಕ್ಕ ಸುಣ್ಣದ ಪುಡಿ ಉದುರಿಸ್ಬೇಕು. ನೀವು ಉದುರಿಸ್ನೇ ಇಲ್ಲ."

"ಅದು ಹಾಸ್ಯ, ಯಜಮಾನರೆ."

"ಅದ್ಸರಿ ಸಾ. ಮುಂದ್ಕ ಯಾವಾಗ ಸುರು ಮಾಡೀರಿ?"

ಮಾವನವರು ಇನ್ನೂ ಕಂಬಳಿಯೊಳಗೇ ಇದ್ದರು.

"ಮಂಗಳ ಇಲ್ವಾ ಅಳೀಂದ್ರೆ?"

"ಇಲ್ಲ ಮಾವ. ಮುಗೀತು, ಏಳಿ."

"ನನ್ನ ಜ್ವರ್ದಿಂದ ಎಬ್ಬಿಸ್ನೇ ಇಲ್ವಲ್ಲ."

"ಎಬ್ಬಿಸದೆ ಬಿಡೋದೇ ತಮಾಷೆ ಮಾವ."

"ಯಾರ್ಗ ತಮಾಸೆ?"

ಮಾವನವರು ಹೆಗಲಿಗೆ ಕಂಬಳಿ ಎಳೆದುಕೊಂಡು ನಿಧಾನವಾಗಿ ಎದ್ದರು. "ಸತ್ತ ರಾಕ್ಸಸನೂ ಮಂಗಳದ ಹೊತ್ತಿಗೆ ಎದ್ದು ಸಾಲ್ನಲ್ಲಿ ನಿಂತ್ಕತನ. ಆಮೇಲೇ ವೇಸ ಇಳ್ಯದು. ಅರ್ಧಕ್ಕ ಎದ್ರ ಅದು ಮೈಮ್ಯಾಲೇ ಉಳ್ಕತದ" ಎಂದು ಹೇಳಿ, ನಡುಗುತ್ತ ಮನೆಯ ಕಡೆ ನಡೆದರು. ನಡುಕವನ್ನೂ ನಾನು ನೋಡಿದೆ. ಪಾತ್ರದಲ್ಲಿ ಎಷ್ಟು ತಲ್ಲೀನರಾಗಿದ್ದಾರೆ ಎಂದುಕೊಂಡೆ.

ಸೋಮವಾರ ಯಳಂದೂರು ಬಸ್ಸಿನ ಕಂಡಕ್ಟರು ಸ್ಕೂಲಿನ ಗೇಟಿನಲ್ಲೇ ಕೂಗಿ ಹೇಳಿದ: "ಮೇಷ್ಟ್ರೆ, ನಿಮ್ಮ ಮಾವನ್ನ ಮಲಗಿಸ್ಬುಟ್ರಂತಲ್ಲ." ಮನೆಗೆ ಹೋದರೆ ರತ್ನ ಆಗಲೇ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ನಮ್ಮಪ್ಪನಿಗೆ ಏನು ಮಾಡಿದ್ರಿ?"

"ನಾನೇನು ಮಾಡಲಿ? ಅದು ಹಾಸ್ಯ ಕಣೇ."

"ಯಾರು ನಕ್ಕಿದ್ದು, ಹೆಸರು ಹೇಳಿ."

ಇಬ್ಬರೂ ಮಾಂಬಳ್ಳಿಗೆ ಹೋದೆವು. ಮಂಗಳವಾರ ಯಳಂದೂರಿನಿಂದ ಬಂದ ಡಾಕ್ಟರು ಟೈಫಾಯ್ಡ್ ಎಂದರು. ಶನಿವಾರಕ್ಕೂ ಮೊದಲೇ ಶುರುವಾಗಿತ್ತು, ಮೈಯಲ್ಲಿ ಸರಿಯಿಲ್ಲದಿದ್ದರೂ ಅಳಿಯನ ಮಾತಿಗೆ ವೇಷ ಕಟ್ಟಿದ್ದಾರೆ. ಆರು ಗಂಟೆಗೊಂದು ಕ್ಯಾಪ್ಸೂಲು, ತಪ್ಪಬಾರದು. ತಪ್ಪಿದರೆ ಕರುಳಿನಲ್ಲಿ ತೂತು ಬೀಳಬಹುದು, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಸೈಕಲ್ ಹತ್ತಿದರು.

ಮಾವನವರು ತುಟಿ ಬಿಗಿದುಕೊಂಡರು. ಕ್ಯಾಪ್ಸೂಲು ಬೇಡ, ಗಂಜಿ ಬೇಡ.

"ಜ್ವರಕ್ಕ ಕೂತ ಹುಳ ತಿನ್ನಂಗಿಲ್ಲ" ಎಂದರು, ಕಣ್ಣು ಮುಚ್ಚಿಕೊಂಡೇ. "ಎಬ್ಬಿಸ್ಲಿ. ತಿಂತೀನಿ."

ಅದು ಜ್ವರದ ಕನವರಿಕೆಯೋ, ಮೂವತ್ತು ವರ್ಷದ ನಟನ ಹಟವೋ ನಮಗೆ ತಿಳಿಯಲಿಲ್ಲ. ಅತ್ತೆ ಬಾಗಿಲ ಮರೆಯಲ್ಲಿ ನಿಂತು, ಎಂದೂ ಏನನ್ನೂ ಕೇಳದವರು ಕೇಳಿದರು: "ಒಂದು ಮಂಗಳ ಆಡ್ಸಿಬುಡಿ ಅಳೀಂದ್ರೆ."

ಇಲ್ಲಿಗೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಧಾನವಾಗುತ್ತದೆ. ಆ ಹೊತ್ತಿಗೆ ಆಯಿತು ಎಂದಿದ್ದರೆ ಸಾಕಿತ್ತು. ನಾನು ಆಯಿತು ಎನ್ನಲಿಲ್ಲ. ಅತ್ತೆಯವರನ್ನು ಕೂರಿಸಿ, ಆಧುನಿಕ ಹಾಸ್ಯದಲ್ಲಿ ಮುಕ್ತಾಯಕ್ಕೆ ಸ್ಥಾನವಿಲ್ಲವೆಂದೂ, ಜ್ವರ ಬರುವುದು ಕ್ರಿಮಿಯಿಂದಲೇ ಹೊರತು ಮಂಗಳದ ಅಭಾವದಿಂದಲ್ಲವೆಂದೂ ಅರ್ಧ ಗಂಟೆ ವಿವರಿಸಿದೆ. ಪಟ್ಟು ಬಿಡಲಿಲ್ಲ. ವಿದ್ಯಾವಂತನಾದ ನಾನೇ ಮೂಢನಂಬಿಕೆಗೆ ಮಣಿದರೆ ಹೇಗೆ? ಹೀಗೆ ಬುಧವಾರ ಹೋಯಿತು, ಗುರುವಾರ ಹೋಯಿತು. ನನ್ನ ವಿಚಾರಗಳು ಒಂದೂ ತಪ್ಪಾಗಿರಲಿಲ್ಲ. ಮಾವನವರ ಕೆನ್ನೆ ಮಾತ್ರ ಒಳಗೆ ಹೋಗಿತ್ತು.

ಶುಕ್ರವಾರ ವೈಜ್ಞಾನಿಕ ಕ್ರಮ ಕೈಗೊಂಡೆ. ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಗಂಜಿಯಲ್ಲಿ ಕಲಸಿ, ತೂಕಡಿಕೆಯಲ್ಲಿದ್ದ ಮಾವನವರ ಬಾಯಿಗೆ ಚಮಚದಿಂದ ಹಾಕಿದೆ. ಆ ಪುಡಿ ಬೇವಿಗಿಂತ ಕಹಿ ಎಂಬ ಸಂಗತಿ ಬಿ.ಎ. ಪಠ್ಯದಲ್ಲಿರಲಿಲ್ಲ. ಅಷ್ಟನ್ನೂ ಅವರು ನನ್ನ ಅಂಗಿಯ ಮೇಲೆ ಉಗಿದರು. ಉಗಿಯುವಷ್ಟು ಶಕ್ತಿಯಿದೆಯಲ್ಲ ಎಂದು ಅತ್ತೆ ಸಮಾಧಾನಪಟ್ಟರು.

ಶನಿವಾರ ಅವರು ನಿದ್ದೆಗಣ್ಣಿನಲ್ಲಿ ಗೋಡೆಯ ಕಡೆ ತಿರುಗಿ, "ಸೊಪ್ಪು ಬಂತಾ? ಎಳೇದಾ?" ಎಂದು ಕೇಳಿದರು. ರತ್ನ ಹೊರಗೆ ಹೋಗಿ ಅತ್ತಳು. ನನ್ನ ಆಧುನಿಕತೆ ಅಲ್ಲಿಗೆ ಮುಗಿಯಿತು. ಹಾಸಿಗೆಯ ಪಕ್ಕ ಕೈಕಟ್ಟಿ ನಿಂತು ನಾನೇ ಮಂಗಳ ಹಾಡಲು ಶುರುಮಾಡಿದೆ. ನನಗೆ ಬರುತ್ತಿದ್ದದ್ದು ಮೊದಲ ಸಾಲು. ಎರಡನೇ ಸಾಲಿಗೆ ಅರಿವಿಲ್ಲದೆ ಸ್ಕೂಲಿನ ಪ್ರಾರ್ಥನೆಗೆ ಜಾರಿಬಿಟ್ಟೆ.

"ಸುತಿ ಇಲ್ಲ, ತಾಳ ಇಲ್ಲ" ಎಂದರು ಮಾವನವರು. "ಯಾರ ಅದು?"

"ಅಳೀಂದ್ರು ಕಣಿ" ಎಂದರು ಅತ್ತೆ.

"ಅಂಗಾರ ಏನೂ ಅನ್ಬ್ಯಾಡ. ನೊಂದ್ಕತರ."

ಭಾನುವಾರ ಮೊದಲ ಬಸ್ಸಿಗೆ ಕೊಳ್ಳೇಗಾಲ, ಅಲ್ಲಿಂದ ಹನೂರು. ನಂಜಯ್ಯನವರು ಮನೆಯ ಜಗಲಿಯಲ್ಲಿ ಪೇಟಿಯ ಹೊಟ್ಟೆ ಬಿಚ್ಚಿ, ತೂತಿಗೆ ಬಟ್ಟೆ ಅಂಟಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬನ್ನಿ ಮೇಷ್ಟ್ರೆ. ಹಾಡಿಲ್ದ ನಾಟ್ಕದೋರು."

"ನಂಜಯ್ಯನವರೆ, ಒಂದು ಮಂಗಳ ಬೇಕಾಗಿತ್ತು."

"ಯಾವ ನಾಟ್ಕಕ್ಕ?"

"ಮೊನ್ನೆದಕ್ಕೆ."

"ಮೊನ್ನೇದು ಮುಗುದೇ ಇಲ್ವಂತಲ್ಲ. ಮುಗೀದೆ ಇರದಕ್ಕ ಮಂಗಳ ಆಡುದ್ರ, ಉಣ್ಣಕ್ಕ ಮುಂಚೆ ಎಲೆ ಎತ್ದಂಗ. ಕಡೇ ಸೀನು ಬರ್ಕಬನ್ನಿ, ಆಮೇಲ ನೋಡುವ."

"ಅದಕ್ಕೆ ಕಡೇ ಸೀನು ಇಲ್ಲ."

"ಇಲ್ದೋದ್ರ ನಾನ್ಯಾಕ? ಹೊಸ ಬಗೆಯೋರು, ನೀವೇ ಆಡ್ಕಳಿ."

"ಹಾಡಿದೆ. ಸರಿಹೋಗಲಿಲ್ಲ. ಮಾವನವರಿಗೆ ಟೈಫಾಯ್ಡ್. ಐದು ದಿನದಿಂದ ಔಷಧಿ ನುಂಗಿಲ್ಲ. ಮಂಗಳ ಆಗದೆ ಏಳಲ್ಲ ಅಂತಾರೆ."

ನಂಜಯ್ಯನವರ ಅಂಟಿನ ಕೈ ನಿಂತಿತು. ಪೇಟಿ ನೋಡಿದರು, ನನ್ನನ್ನು ನೋಡಿದರು. ಪೇಟಿಯ ಹೊಟ್ಟೆ ಮತ್ತೆ ಜೋಡಿಸಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ಮಾದಪ್ಪಣ್ಣ ಸಾಯಕ್ಕಿಂತ ಮುಂಚೆ ಹೇಳ್ಬೇಕು ಅಂತ ಅನ್ನುಸ್ತಲ್ಲ ನಿಮಗ, ಅದೇ ಪುಣ್ಯ. ಪೆನ್ನು ಅದಾ? ಬಸ್ಸಲ್ಲೇ ಬರೀರಿ."

ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಹಾಳೆ ಹರಡಿ ಬರೆಯಲು ಕೂತೆ. ಜೀವನದಲ್ಲಿ ಮೊದಲ ಬಾರಿಗೆ ನಾನೊಂದು ಮುಕ್ತಾಯ ಬರೆಯಬೇಕಿತ್ತು. ಶ್ರೀಕಂಠನ ಆ ಲಂಡನ್ನಿನ ಮಹಾಶಯರು ಯಾಕೆ ಮುಗಿಸುತ್ತಿರಲಿಲ್ಲವೆಂದು ಆಗ ಹೊಳೆಯಿತು. ಮುಗಿಸುವುದು ಕಷ್ಟ.

"ಹುಳು ಜ್ವರದಿಂದ ಏಳುತ್ತೆ" ಎಂದೆ.

"ಆಮ್ಯಾಕ?"

"ಸೊಪ್ಪು ತಿನ್ನುತ್ತೆ. ಹಣ್ಣಾಗುತ್ತೆ. ಗೂಡು ಕಟ್ಟುತ್ತೆ."

"ಆಮ್ಯಾಕ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ರೇಷ್ಮೆ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಗೂಡನ್ನು ಹುಳುವಿನ ಸಮೇತ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಾರೆ.

"ಥೂ" ಎಂದರು ನಂಜಯ್ಯನವರು. "ಬೇರೆ ಪಾರ್ಟು ಸಿಕ್ಲಿಲ್ವಾ ನಿಮಗ?"

ಕೊಳ್ಳೇಗಾಲ ಬಂತು. ಬಸ್ಸು ಬದಲಾಯಿಸಿದೆವು. ಮಾಂಬಳ್ಳಿ ಬಂತು. ಹಾಳೆಯ ಮೇಲೆ "ಕಡೆಯ ದೃಶ್ಯ" ಎಂಬ ಎರಡು ಪದಗಳಿದ್ದವು. ಬಾಗಿಲಲ್ಲಿ ರತ್ನ ಹಾಳೆ ಕಿತ್ತುಕೊಂಡು ನೋಡಿದಳು.

"ಇಷ್ಟೇನಾ?"

"ಏನು ಬರೆದರೂ ಕೊನೆಗೆ ನಿಮ್ಮಪ್ಪನನ್ನು ಬೇಯಿಸಬೇಕಾಗುತ್ತೆ ರತ್ನ."

ಅವಳು ನನ್ನನ್ನು ನೋಡಿದ ಬಗೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಹುಳು ಸಾಕುವ ಮನೆಯಲ್ಲಿ ಬೆಳೆದ ಹುಡುಗಿಯನ್ನು ಮದುವೆಯಾಗಿ ಆರು ವರ್ಷವಾದರೂ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಿರಲಿಲ್ಲ.

"ಬಿತ್ತನೆ ಗೂಡು ಅನ್ರಿ. ಬಿತ್ತನೆಗೆ ಇಟ್ಟಿದ್ದನ್ನ ಯಾರು ಬೇಯಿಸ್ತಾರೆ? ಚಿಟ್ಟೆ ಆಗಿ ಈಚೆಗೆ ಬರುತ್ತೆ."

ಐದೇ ನಿಮಿಷದಲ್ಲಿ ಟೈ ಕಟ್ಟಿಕೊಂಡೆ. ಕಿಟಕಿಯಲ್ಲಿ ಅಕ್ಕಪಕ್ಕದವರ ತಲೆಗಳು ಕಾಣಿಸಿದವು. ನಂಜಯ್ಯನವರು ಮೂಲೆಯಲ್ಲಿ ಪೇಟಿಗೆ ಗಾಳಿ ತುಂಬಿ ಶ್ರುತಿ ಹಿಡಿದರು. ಆ ಶಬ್ದ ಕೇಳಿ ಮಾವನವರ ಹುಬ್ಬು ಅಲ್ಲಾಡಿತು. ನಾನು ಗಡಿಯಾರ ನೋಡಿದೆ, ಪುಸ್ತಕದಲ್ಲಿ ಹೊತ್ತು ಬರೆದೆ, ಅವರ ಹಣೆಯ ಮೇಲೆ ಕೈಯಿಟ್ಟೆ. ಮುಖದಲ್ಲಿ ನಗುವಿಲ್ಲದೆ ಆಡುವುದು ಹೇಗೆಂದು ಅವತ್ತು ತಿಳಿಯಿತು. ಅದಕ್ಕೆ ಅಭ್ಯಾಸವೇನೂ ಬೇಕಿಲ್ಲ.

"ತಪಾಸಣೆ ಮಾಡಲಾಗಿದೆ" ಎಂದೆ. "ನಾಲ್ಕನೇ ಜ್ವರ ಮುಗಿದಿದೆ. ಆಹಾರ ಕೊಡಬಹುದು. ಈ ಹುಳು ಬಿತ್ತನೆಗೆ ಮೀಸಲು. ಇದನ್ನು ಯಾರೂ..." ಮುಂದೆ ಸ್ವರ ಹೊರಡಲಿಲ್ಲ.

ಮಾವನವರು ಒಂದು ಕಣ್ಣು ತೆರೆದರು. "ಜೋರಾಗಿ ಹೇಳಿ ಅಳೀಂದ್ರೆ. ಹಿಂದ್ಗಡೆ ಕೂತೋರ್ಗ ಕೇಳ್ನಿಲ್ಲ."

"ಇದನ್ನು ಯಾರೂ ಬೇಯಿಸಕೂಡದು" ಎಂದು ಕೂಗಿದೆ. ಕಿಟಕಿಯಲ್ಲಿದ್ದವರೆಲ್ಲ ಸಮ್ಮತಿಯಿಂದ ತಲೆಯಾಡಿಸಿದರು. ಮೊನ್ನೆ ಸುಣ್ಣದ ವಿಚಾರ ಎತ್ತಿದ್ದ ಹಿರಿಯರು, "ಈಗ ಸರಿಯೋಯ್ತು" ಎಂದರು.

ನಂಜಯ್ಯನವರು ಮಂಗಳ ಎತ್ತಿದರು. ಅತ್ತೆ ಆರತಿ ಹಿಡಿದರು. ಮಾವನವರ ತುಟಿ ಹಾಡಿನ ಜೊತೆ ಅಲುಗುತ್ತಿತ್ತು, ಧ್ವನಿ ಮಾತ್ರ ಇರಲಿಲ್ಲ. ಕೊನೆಯ ಸಾಲು ಮುಗಿದದ್ದೇ ಅವರು ಬಾಯಿ ತೆರೆದರು. ರತ್ನ ಕ್ಯಾಪ್ಸೂಲು ಇಟ್ಟಳು. ನುಂಗಿದರು.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು, ಆದರೆ ಜ್ವರ ಮಂಗಳ ಕೇಳಿ ಇಳಿಯುವ ಜಾತಿಯದಲ್ಲ. ನಾನು ಹೇಳಿದ್ದೂ ಅದನ್ನೇ ತಾನೆ! ಗುಣ ಕೊಟ್ಟಿದ್ದು ಔಷಧಿಯೇ. ಔಷಧಿಗೆ ಬಾಯಿ ತೆರೆಸಿದ್ದು ಮಂಗಳ. ನಡುವೆ ಐದು ದಿನ ತಿಂದಿದ್ದು ನಾನು. ಮುಂದಿನ ಹನ್ನೊಂದು ದಿನ ಡಾಕ್ಟರು, ಕರುಳಿಗೆ ಅಪಾಯ ಮೂರನೇ ವಾರ, ಮೂರನೇ ವಾರ ಎನ್ನುತ್ತಲೇ ಇದ್ದರು. ನಾವು ಸರದಿಯ ಮೇಲೆ ಎದ್ದು ಕೂತು ಮಾವನವರ ಉಸಿರು ಕೇಳಿದೆವು. ನನ್ನ ಸರದಿ ಇಲ್ಲದಾಗಲೂ ನಾನು ಕೇಳುತ್ತಿದ್ದೆ. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಎಷ್ಟು ಜಾಗವಿರುತ್ತದೆಂದು ನನಗೆ ಈಗಲೂ ಚೆನ್ನಾಗಿ ಗೊತ್ತು.

ಅವರು ಬದುಕಿದರು. ತಲೆಗೂದಲು ಉದುರಿ ಮತ್ತೆ ಬಂತು. ಮೇಲಿನ ಷಡ್ಜ ಬರಲಿಲ್ಲ. ಮುಂದಿನ ನಾಟಕದಲ್ಲಿ ರಾಜನ ಪಾರ್ಟನ್ನು ಇನ್ನೊಬ್ಬರಿಗೆ ಬಿಟ್ಟು ತಾವು ಮಂತ್ರಿಯಾದರು. ಕೇಳಿದವರಿಗೆ, "ವಯಸ್ಸಾಯ್ತಲ್ಲ" ಎಂದರು. ಐವತ್ತೆರಡು ಒಂದು ವಯಸ್ಸೇ? ಶ್ರೀಕಂಠ ಕಾಗದ ಬರೆದು, ಕಾರ್ಯಕ್ರಮ ಹೇಗಾಯಿತು, ಜನ ನಕ್ಕರೇ ಎಂದು ಕೇಳಿದ್ದ. ಏನೆಂದು ಬರೆಯುವುದು? ಬರೆಯಲಿಲ್ಲ.

ಹನ್ನೆರಡನೆಯ ದಿನ ಶುಕ್ರವಾರ. ಸಂಜೆ ಡಾಕ್ಟರು ಬಂದು ನೋಡಿ, ಇನ್ನು ಯಾರೂ ಎದ್ದು ಕೂರಬೇಕಾಗಿಲ್ಲ, ಮಲಗಿ ಎಂದರು. ನಾನು ಮಾವನವರ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ, ಸ್ವಲ್ಪ ಹೊತ್ತು ಒರಗೋಣವೆಂದು ತಲೆಯಿಟ್ಟೆ. ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಎಂಟೂವರೆ! ಮಾವನವರು ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ರತ್ನ, ಅತ್ತೆ, ಹಾಲು ತಂದ ಪಕ್ಕದ ಮನೆಯಾಕೆ, ಎಲ್ಲರ ಕಣ್ಣಲ್ಲೂ ನೀರು. ದಡಕ್ಕನೆ ಎದ್ದು ಕೂತೆ.

"ಏನಾಯಿತು?" ಎಂದೆ.

"ಏನಿಲ್ಲ ಕಣ್ರಿ" ಎಂದಳು ರತ್ನ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ನಿಮ್ಮ ಗೊರಕೆ."

"ಎಬ್ಬಿಸ್ತೀನಿ ಅಂದ್ಲು. ನಾನೇ ಬ್ಯಾಡ ಅಂದಿ" ಎಂದರು ಮಾವನವರು. "ಮೂರು ವಾರಾಗಿತ್ತು ಈ ಮನೇಲಿ ಯಾರಾರ ನಕ್ಕು."

ಮುಕ್ಕಾಲು ಗಂಟೆ ನಕ್ಕರಂತೆ. ನಾನು ಮಾಡಿದ ಹಾಸ್ಯಕ್ಕೆ ಮಾಂಬಳ್ಳಿಯಲ್ಲಿ ಜನ ನಕ್ಕಿದ್ದು ಅದೊಂದೇ ಸಲ. ಆ ನಗು ನನಗೆ ಕೇಳಿಸಲಿಲ್ಲ. ನಿದ್ದೆಯಲ್ಲಿದ್ದೆ.